ಎಲ್ಲೆಡೆ ಓಡುವ ಕಂಟೇನರಿನ ಒಳಗುಟ್ಟು

2020ರ ನವೆಂಬರಿನಲ್ಲಿ ಆಪಲ್ ಕಂಪನಿ ತಾನೇ ವಿನ್ಯಾಸ ಮಾಡಿದ ಎಂ1 ಪ್ರೊಸೆಸರಿನ ಮ್ಯಾಕ್‌ಗಳನ್ನು ಮಾರುಕಟ್ಟೆಗೆ ತಂದಿತು. ಅಲ್ಲಿಯವರೆಗೆ ಸುಮಾರು ಹದಿನಾಲ್ಕು ವರ್ಷ ಮ್ಯಾಕ್‌ಗಳ ಒಳಗೆ ಇದ್ದದ್ದು ಇಂಟೆಲ್ ಚಿಪ್. ಹೊಸ ಯಂತ್ರ ಅಷ್ಟಾಗಿ ಬಿಸಿಯಾಗದು, ಬ್ಯಾಟರಿ ದಿನವಿಡೀ ಬರುತ್ತದೆ, ಕೆಲಸವೂ ಚುರುಕು ಎಂದು ಕೊಂಡವರು ಹೊಗಳಿದರು. ಹೊಗಳಲಾಗದೆ ಕೂತವರು ಸಾಫ್ಟ್‌ವೇರ್ ಬರೆಯುವವರಲ್ಲೇ ಒಂದು ದೊಡ್ಡ ಗುಂಪು. ಪ್ರೋಗ್ರಾಮನ್ನು ಅದಕ್ಕೆ ಬೇಕಾದುದರ ಜತೆಗೆ ‘ಕಂಟೇನರ್’ ಎಂಬ ಗಂಟಾಗಿ ಕಟ್ಟಿ ಓಡಿಸುವ, ಅವರ ನಿತ್ಯದ ಉಪಕರಣವಾದ ಡಾಕರ್ ಆ ಯಂತ್ರದಲ್ಲಿ ಏಳಲೇ ಇಲ್ಲ. ಪ್ರಯೋಗಾರ್ಥದ ಆವೃತ್ತಿಗೆ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಪಕ್ಕಾ ಆವೃತ್ತಿ ಬಂದದ್ದು 2021ರ ಏಪ್ರಿಲ್‌ನಲ್ಲಿ. ಬಂದ ಮೇಲೂ ಕಾಟ ಮುಗಿಯಲಿಲ್ಲ. ಹೊಸ ಮ್ಯಾಕ್‌ನಲ್ಲಿ ಕಟ್ಟಿ, ಅಲ್ಲೇ ಓಡಿಸಿ ನೋಡಿ, ಎಲ್ಲ ಸರಿಯಿದೆ ಎಂದು ಸರ್ವರಿಗೆ ಕಳಿಸಿದ ಕಂಟೇನರ್ ಅಲ್ಲಿ ‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಎಂಬ ಒಂದೇ ಸಾಲು ಬರೆದು ಪ್ರಾಣ ಬಿಡುತ್ತಿತ್ತು.

ಇದರಲ್ಲಿ ಒಂದು ವ್ಯಂಗ್ಯವಿದೆ. ಡಾಕರ್ ಹುಟ್ಟಿದ್ದೇ ‘ನನ್ನ ಮಷೀನಿನಲ್ಲಿ ಓಡುತ್ತಲ್ಲ, ನಿಮ್ಮಲ್ಲಿ ಯಾಕೆ ಓಡಲ್ಲ?’ ಎಂಬ ಹಳೆಯ ಜಗಳವನ್ನು ಮುಗಿಸಲು. ಒಮ್ಮೆ ಕಟ್ಟಿದರೆ ಸಾಕು, ಎಲ್ಲಿ ಬೇಕಾದರೂ ಓಡುತ್ತದೆ ಎಂಬುದು ಅದರ ಭರವಸೆ. ಆ ಭರವಸೆ ಸುಳ್ಳಲ್ಲ. ಆದರೆ ಅದಕ್ಕೆ ಎರಡು ಷರತ್ತುಗಳಿವೆ, ಅವನ್ನು ಯಾರೂ ದೊಡ್ಡ ಅಕ್ಷರದಲ್ಲಿ ಬರೆಯಲಿಲ್ಲ. ಕಂಟೇನರ್ ತನ್ನೊಳಗೆ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಹೊತ್ತು ತರುವುದಿಲ್ಲ. ಪ್ರೊಸೆಸರನ್ನಂತೂ ಹೊತ್ತು ತರಲು ಸಾಧ್ಯವೇ ಇಲ್ಲ. ಇವೆರಡೂ ಬೇರೆಯಾಗಿರುವ ಕಡೆಯೂ ಅದು ಓಡುತ್ತಿರುವಂತೆ ಕಂಡರೆ, ನಡುವೆ ಯಾರೋ ಸದ್ದಿಲ್ಲದೆ ದುಡಿಯುತ್ತಿದ್ದಾರೆ ಎಂದೇ ತಿಳಿಯಬೇಕು. ಹಾಗೆ ದುಡಿಯುವವರು ಯಾರು, ಅವರ ಕೂಲಿ ಎಷ್ಟು ಎಂಬುದೇ ಈ ಅಧ್ಯಾಯದ ವಿಷಯ.

ಗೋಡೆ ಬೇರೆ, ಬಾವಿ ಒಂದೇ

ಡಾಟ್‌ಕ್ಲೌಡ್ ಎಂಬ ಸಣ್ಣ ಕಂಪನಿಯ ಸಾಲೊಮನ್ ಹೈಕ್ಸ್ 2013ರ ಮಾರ್ಚಿನಲ್ಲಿ, ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾದಲ್ಲಿ ನಡೆದ ಪೈಥಾನ್ ಪ್ರೋಗ್ರಾಮರುಗಳ ಸಮ್ಮೇಳನದಲ್ಲಿ, ಐದು ನಿಮಿಷದ ಕಿರುಭಾಷಣವೊಂದರಲ್ಲಿ ಡಾಕರನ್ನು ಜಗತ್ತಿಗೆ ತೋರಿಸಿದರು. ಹಾಗೆಂದು ಕಂಟೇನರ್ ಎಂಬ ವಿಚಾರ ಅವರದಲ್ಲ. ಒಂದು ಪ್ರೋಗ್ರಾಮಿಗೆ ಡಿಸ್ಕಿನ ಒಂದು ಮೂಲೆಯನ್ನು ಮಾತ್ರ ತೋರಿಸಿ ‘ಇದೇ ನಿನ್ನ ಇಡೀ ಜಗತ್ತು’ ಎಂದು ನಂಬಿಸುವ ‘ಸಿಎಚ್‌ರೂಟ್’ ಸೌಲಭ್ಯ 1979ರ ಯುನಿಕ್ಸ್‌ನಲ್ಲೇ ಇತ್ತು. 2000ದಲ್ಲಿ ಫ್ರೀಬಿಎಸ್‌ಡಿ ಇದನ್ನು ಬಿಗಿಗೊಳಿಸಿ ‘ಜೈಲ್’ ಎಂದು ಹೆಸರಿಟ್ಟಿತು. ಲಿನಕ್ಸ್‌ಗೆ ಇದೇ ಶಕ್ತಿ ಕಂತುಕಂತಾಗಿ ಬಂತು. 2002ರಿಂದ ಒಂದೊಂದಾಗಿ ಸೇರಿದ ‘ನೇಮ್‌ಸ್ಪೇಸ್’ಗಳು ಪ್ರೋಗ್ರಾಮಿನ ಕಣ್ಣಿಗೆ ಏನು ಬೀಳಬೇಕು ಎಂದು ನಿರ್ಧರಿಸುತ್ತವೆ. ಗೂಗಲ್ ಎಂಜಿನಿಯರುಗಳು ಆರಂಭಿಸಿ 2008ರಲ್ಲಿ ಕರ್ನಲ್ ಸೇರಿದ ‘ಸಿಗ್ರೂಪ್’ಗಳು ಅದಕ್ಕೆ ಮೆಮೊರಿ, ಪ್ರೊಸೆಸರ್ ಸಮಯ ಎಷ್ಟು ಸಿಗಬೇಕು ಎಂದು ಅಳೆದು ಕೊಡುತ್ತವೆ. ಹೈಕ್ಸ್ ಬಳಗದ ಜಾಣ್ಮೆ ಇದ್ದದ್ದು ಬೇರೆ ಕಡೆ. ಪ್ರೋಗ್ರಾಂ, ಅದಕ್ಕೆ ಬೇಕಾದ ಲೈಬ್ರರಿಗಳು, ಸೆಟ್ಟಿಂಗ್‌ಗಳು ಎಲ್ಲವನ್ನೂ ಪದರಪದರವಾಗಿ ಒಂದು ‘ಇಮೇಜ್’ ಆಗಿ ಗಂಟು ಕಟ್ಟಿ, ಒಂದು ಹೆಸರು ಕೊಟ್ಟು, ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ರಿಜಿಸ್ಟ್ರಿಯಲ್ಲಿಟ್ಟರು.

ಇಮೇಜನ್ನು ಬಿಚ್ಚಿ ನೋಡಿದರೆ ಒಳಗೆ ಮಾಯಾಜಾಲವೇನೂ ಇಲ್ಲ. ಕೆಲವು ಟಾರ್ ಕಡತಗಳು, ಯಾವ ಪ್ರೋಗ್ರಾಮನ್ನು ಮೊದಲು ಓಡಿಸಬೇಕು ಎಂದು ಹೇಳುವ ಒಂದು ಜೇಸನ್ ಕಡತ, ಅಷ್ಟೇ. ಆಲ್ಪೈನ್ ಲಿನಕ್ಸಿನ ಇಮೇಜ್ ಹತ್ತು ಎಂಬಿಯೊಳಗೆ ಮುಗಿಯುತ್ತದೆ. ಇಡೀ ಆಪರೇಟಿಂಗ್ ಸಿಸ್ಟಂ ಇಷ್ಟು ಚಿಕ್ಕದೇ ಎಂದು ಬೆರಗಾಗುವವರು ಒಂದನ್ನು ಗಮನಿಸಿರುವುದಿಲ್ಲ: ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಅದರಲ್ಲಿಲ್ಲ.

ಹಳೆಯ ಬೆಂಗಳೂರು, ಮೈಸೂರಿನ ವಠಾರಗಳನ್ನು ಕಂಡವರಿಗೆ ಈ ವ್ಯವಸ್ಥೆ ಬೇಗ ಅರ್ಥವಾಗುತ್ತದೆ. ಒಂದೊಂದು ಸಂಸಾರಕ್ಕೂ ಅದರದೇ ಬಾಗಿಲು, ಅದರದೇ ಬೀಗ, ಅದರದೇ ಅಡುಗೆಮನೆ. ಪಕ್ಕದ ಮನೆಯ ಸಾರಿಗೆ ಏನು ಹಾಕಿದ್ದಾರೆ ಎಂದು ಕಾಣುವುದಿಲ್ಲ. ಆದರೆ ಬಾವಿ ಮಾತ್ರ ಎಲ್ಲರಿಗೂ ಒಂದೇ. ಕಂಟೇನರ್ ಇಂಥದೊಂದು ಮನೆ, ಕರ್ನಲ್ ಆ ಬಾವಿ. ಇದಕ್ಕೆ ಹೋಲಿಸಿದರೆ ವರ್ಚುವಲ್ ಮಷೀನ್ ತನ್ನದೇ ಕಾಂಪೌಂಡು, ತನ್ನದೇ ಬಾವಿ ತೋಡಿಸಿಕೊಂಡ ಒಂಟಿ ಮನೆ. ಅದಕ್ಕೆ ಹೆಚ್ಚು ಜಾಗ ಬೇಕು, ಹೆಚ್ಚು ಖರ್ಚು.

ನಂಬಿಕೆ ಬರದಿದ್ದರೆ ಲಿನಕ್ಸ್ ಯಂತ್ರವೊಂದರಲ್ಲಿ ಕಂಟೇನರ್ ಓಡಿಸಿ, ಹೊರಗಿನಿಂದ ‘ಪಿಎಸ್’ ಕಮಾಂಡ್ ಕೊಟ್ಟು ನೋಡಬಹುದು. ಕಂಟೇನರಿನ ಒಳಗೆ ‘ನಾನೇ ಮೊದಲಿಗ’ ಎಂದು 1ನೇ ಸಂಖ್ಯೆ ಹೊತ್ತು ಮೆರೆಯುವ ಪ್ರೋಗ್ರಾಂ, ಹೊರಗಿನ ಪಟ್ಟಿಯಲ್ಲಿ ಯಾವುದೋ ಸಾವಿರದ ಸಂಖ್ಯೆಯೊಂದಿಗೆ ಬ್ರೌಸರು, ಎಡಿಟರುಗಳ ನಡುವೆ ಸಾಮಾನ್ಯವಾಗಿ ನಿಂತಿರುತ್ತದೆ. ಕಂಟೇನರ್ ಎಂಬುದು ಪೆಟ್ಟಿಗೆಯಲ್ಲ. ಕಣ್ಣುಪಟ್ಟಿ ಕಟ್ಟಿಸಿಕೊಂಡ ಮಾಮೂಲಿ ಪ್ರೋಗ್ರಾಂ.

ಮೊದಲ ಷರತ್ತು: ಕರ್ನಲ್

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಯಾವ ಪ್ರೋಗ್ರಾಮೂ ಕರ್ನಲ್ಲಿನ ಹತ್ತಿರ ಹೋಗದೆ ಇರಲಾರದು. ಕಡತ ತೆರೆಯಬೇಕೇ, ಪರದೆಗೆ ಒಂದು ಅಕ್ಷರ ಬರೆಯಬೇಕೇ, ನೆಟ್‌ವರ್ಕಿಗೆ ಒಂದು ಬೈಟ್ ಕಳಿಸಬೇಕೇ, ಎಲ್ಲಕ್ಕೂ ‘ಸಿಸ್ಟಂ ಕಾಲ್’ ಮಾಡಲೇಬೇಕು. ಪ್ರೋಗ್ರಾಂ ಒಂದು ಸಂಖ್ಯೆಯನ್ನು ನಿಗದಿಯಾದ ಜಾಗದಲ್ಲಿಟ್ಟು ಪ್ರೊಸೆಸರಿಗೆ ಸನ್ನೆ ಮಾಡುತ್ತದೆ. ಕರ್ನಲ್ ಎದ್ದು, ಆ ಸಂಖ್ಯೆ ನೋಡಿ, ಕೆಲಸ ಮಾಡಿಕೊಟ್ಟು ಮರಳುತ್ತದೆ.

ಲಿನಕ್ಸಿನಲ್ಲಿ ಕರ್ನಲ್ ಆವೃತ್ತಿ ಬದಲಾದರೂ ಈ ಸಂಖ್ಯೆಗಳೂ ಅವುಗಳ ಅರ್ಥವೂ ಬದಲಾಗುವುದಿಲ್ಲ. ಕರ್ನಲ್ಲಿನ ಒಳಗೆ ಏನು ಬೇಕಾದರೂ ತಿರುಗಿಸಿ ಬರೆಯಿರಿ, ಆದರೆ ಬಳಕೆದಾರರ ಹಳೆಯ ಪ್ರೋಗ್ರಾಂ ಮುರಿಯಕೂಡದು ಎಂಬುದು ಲಿನಕ್ಸಿನ ಸೃಷ್ಟಿಕರ್ತ ಲೈನಸ್ ಟೊರ್ವಾಲ್ಡ್ಸ್ ಅವರ ಬಿಡಿಸಲಾಗದ ಹಠ. ಈ ನಿಯಮ ಮೀರಿದವರಿಗೆ ಅವರಿಂದ ಸಿಕ್ಕಿದ ಬೈಗುಳ ಲಿನಕ್ಸ್ ವಲಯದಲ್ಲಿ ಹೆಸರುವಾಸಿ. ಕಂಟೇನರುಗಳು ಸಾಧ್ಯವಾದದ್ದು ಬಹುಮಟ್ಟಿಗೆ ಈ ಹಠದಿಂದ ಎಂದು ನನಗನ್ನಿಸುತ್ತದೆ. ಡೆಬಿಯನ್ ಇಮೇಜ್ ಫೆಡೋರಾ ಯಂತ್ರದಲ್ಲಿ, ಹತ್ತು ವರ್ಷ ಹಿಂದಿನ ಉಬುಂಟು ಇಮೇಜ್ ಈ ವರ್ಷದ ಕರ್ನಲ್ಲಿನ ಮೇಲೆ ಸಾಮಾನ್ಯವಾಗಿ ತಕರಾರಿಲ್ಲದೆ ಓಡುತ್ತವೆ. ಬಾಡಿಗೆದಾರರು ಬದಲಾದರೂ ಬಾವಿಯ ಕಟ್ಟೆ ಇದ್ದಲ್ಲೇ ಇದೆ.

ವಿಂಡೋಸ್‌ನಲ್ಲಿ ಈ ಕಟ್ಟುಪಾಡಿಲ್ಲ. ಅಲ್ಲಿ ಪ್ರೋಗ್ರಾಂಗಳು ಕರ್ನಲ್ಲಿನೊಂದಿಗೆ ನೇರ ಮಾತಾಡದೆ ‘ಎನ್‌ಟಿಡಿಎಲ್‌ಎಲ್’ ಎಂಬ ಲೈಬ್ರರಿಯ ಮೂಲಕ ಮಾತಾಡುತ್ತವೆ, ಅದರ ಒಳಗಿನ ಸಂಖ್ಯೆಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತಿರುತ್ತವೆ. ಸಾಮಾನ್ಯ ಬಳಕೆಯಲ್ಲಿ ಇದರಿಂದ ತೊಂದರೆಯಿಲ್ಲ, ಏಕೆಂದರೆ ಲೈಬ್ರರಿಯೂ ಕರ್ನಲ್ಲೂ ಒಟ್ಟಿಗೇ ಬರುತ್ತವೆ. ಆದರೆ ಕಂಟೇನರ್ ತನ್ನದೇ ಲೈಬ್ರರಿ ಕಟ್ಟಿಕೊಂಡು ಬರುತ್ತದೆ. ಒಂದು ಆವೃತ್ತಿಯ ಲೈಬ್ರರಿ, ಇನ್ನೊಂದು ಆವೃತ್ತಿಯ ಕರ್ನಲ್! ಹಾಗಾಗಿ ವಿಂಡೋಸ್ ಸರ್ವರ್ 2016ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ ಕಂಟೇನರುಗಳನ್ನು ತಂದಾಗ, ಯಂತ್ರದ ಆವೃತ್ತಿಯೂ ಇಮೇಜಿನ ಆವೃತ್ತಿಯೂ ಹೊಂದಲೇಬೇಕು ಎಂಬ ನಿಯಮ ಹಾಕಬೇಕಾಯಿತು. ಹೊಂದದಿದ್ದರೆ ಹೈಪರ್-ವಿ ಬಳಸಿ ಒಂದೊಂದು ಕಂಟೇನರಿಗೂ ಒಂದೊಂದು ಪುಟ್ಟ ವರ್ಚುವಲ್ ಮಷೀನ್ ಕೊಡಬೇಕು. 2022ರ ಸರ್ವರ್ ಆವೃತ್ತಿಯ ನಂತರ ಈ ನಿಯಮ ಸ್ವಲ್ಪ ಸಡಿಲವಾಗಿದೆ. ವಿಂಡೋಸ್ ಕಂಟೇನರ್ ಲಿನಕ್ಸಿನಷ್ಟು ಹರಡದಿರಲು ಆ ಬಿಗಿ ನಿಯಮವೂ ಒಂದು ಕಾರಣ.

ಇಂದು ಜಗತ್ತು ‘ಕಂಟೇನರ್’ ಎಂದು ಬರೀ ಹೆಸರು ಹೇಳಿದರೆ ಅರ್ಥ ಲಿನಕ್ಸ್ ಕಂಟೇನರ್ ಎಂದೇ. ಹಾಗಾದರೆ ಮ್ಯಾಕ್‌ನಲ್ಲೂ ವಿಂಡೋಸ್ ಲ್ಯಾಪ್‌ಟಾಪಿನಲ್ಲೂ ಲಕ್ಷಾಂತರ ಜನ ಅದನ್ನು ಓಡಿಸುವುದು ಹೇಗೆ? ಓಡಿಸುವುದೇ ಇಲ್ಲ. ಆ ಯಂತ್ರಗಳ ಒಳಗೆ ಕಣ್ಣಿಗೆ ಕಾಣದಂತೆ ಒಂದು ಲಿನಕ್ಸ್ ವರ್ಚುವಲ್ ಮಷೀನ್ ಎದ್ದು ಕೂತಿರುತ್ತದೆ. ಕಂಟೇನರ್ ಓಡುವುದು ಅದರೊಳಗೆ. ಮೊದಲ ವರ್ಷಗಳಲ್ಲಿ ಇದು ಬಹಿರಂಗವಾಗಿಯೇ ಇತ್ತು: ವರ್ಚುವಲ್‌ಬಾಕ್ಸ್ ಹಾಕಿಕೊಂಡು, ಅದರಲ್ಲಿ ‘ಬೂಟ್2ಡಾಕರ್’ ಎಂಬ ಪುಟಾಣಿ ಲಿನಕ್ಸನ್ನು ಎಬ್ಬಿಸಬೇಕಿತ್ತು. 2016ರಲ್ಲಿ ಡಾಕರ್ ಕಂಪನಿ ಅದನ್ನೆಲ್ಲ ಅಪ್ಲಿಕೇಶನ್ನಿನ ಹೊಟ್ಟೆಯೊಳಗೆ ಅಡಗಿಸಿ, ಮೆನುಪಟ್ಟಿಯಲ್ಲಿ ಒಂದು ತಿಮಿಂಗಿಲದ ಚಿತ್ರ ಮಾತ್ರ ಉಳಿಸಿತು. ಅಂದಿನಿಂದ ಹೊಸಬರಿಗೆ ಮ್ಯಾಕ್ ತಾನೇ ಕಂಟೇನರ್ ಓಡಿಸುತ್ತದೆ ಎಂಬ ಭ್ರಮೆ.

ಮೈಕ್ರೋಸಾಫ್ಟ್ ಬೇರೆ ದಾರಿಯನ್ನೂ ತುಳಿದು ನೋಡಿತು. ವಿಂಡೋಸಿನಲ್ಲೇ ಲಿನಕ್ಸ್ ಪ್ರೋಗ್ರಾಂ ಓಡಿಸುವ ‘ಡಬ್ಲ್ಯುಎಸ್‌ಎಲ್’ ಎಂಬ ಸೌಲಭ್ಯದ 2016ರ ಮೊದಲ ರೂಪದಲ್ಲಿ ಲಿನಕ್ಸ್ ಕರ್ನಲ್ ಇರಲೇ ಇಲ್ಲ. ಲಿನಕ್ಸ್ ಪ್ರೋಗ್ರಾಂ ಮಾಡುವ ಒಂದೊಂದು ಸಿಸ್ಟಂ ಕಾಲನ್ನೂ ಹಿಡಿದು ವಿಂಡೋಸಿನ ಭಾಷೆಗೆ ತಿರುಗಿಸುವ ಸಾಹಸ ಅದು. ಎಂಜಿನಿಯರಿಂಗ್ ದೃಷ್ಟಿಯಿಂದ ಮೆಚ್ಚಬೇಕಾದ ಕೆಲಸ. ಆದರೆ ಲಿನಕ್ಸ್‌ನಲ್ಲಿ ಮುನ್ನೂರಕ್ಕೂ ಹೆಚ್ಚು ಸಿಸ್ಟಂ ಕಾಲ್‌ಗಳಿವೆ, ಒಂದೊಂದಕ್ಕೂ ನೂರೆಂಟು ವಕ್ರತೆಗಳಿವೆ. ನೇಮ್‌ಸ್ಪೇಸ್, ಸಿಗ್ರೂಪ್‌ಗಳಂಥ ಆಳದ ಸಂಗತಿಗಳನ್ನು ಅನುಕರಿಸಲಾಗದೆ ಡಾಕರ್ ಅದರ ಮೇಲೆ ಓಡಲೇ ಇಲ್ಲ. 2019ರಲ್ಲಿ ಪ್ರಕಟವಾದ ಎರಡನೇ ರೂಪದಲ್ಲಿ ಮೈಕ್ರೋಸಾಫ್ಟ್ ನಿಜವಾದ ಲಿನಕ್ಸ್ ಕರ್ನಲ್ಲನ್ನೇ ತಂದು ಹಗುರ ವರ್ಚುವಲ್ ಮಷೀನ್ ಒಂದರಲ್ಲಿ ಕೂರಿಸಿತು. ಅಲ್ಲಿಗೆ ಆ ಚರ್ಚೆ ಮುಗಿಯಿತು. 2025ರಲ್ಲಿ ಆಪಲ್ ಕೂಡ ಮ್ಯಾಕ್‌ಗಾಗಿ ತನ್ನದೇ ಕಂಟೇನರ್ ಸಾಧನವನ್ನು ಮುಕ್ತ ತಂತ್ರಾಂಶವಾಗಿ ಕೊಟ್ಟಿತು. ಅದರಲ್ಲಿ ಒಂದೊಂದು ಕಂಟೇನರಿಗೂ ಒಂದೊಂದು ಪುಟ್ಟ ವರ್ಚುವಲ್ ಮಷೀನ್. ಭಾರವೆಂದು ಯಾವುದನ್ನು ಬಿಟ್ಟು ಬಂದೆವೋ, ಹಗುರವಾಗಿಸಿ ಮತ್ತೆ ಅದರೊಳಗೇ ಹೋಗಿ ಕೂತಿದ್ದೇವೆ.

ಈ ಅಡಗಿದ ಯಂತ್ರ ಸುಮ್ಮನೆ ಇರುವುದಿಲ್ಲ, ತನ್ನ ಪಾಲಿನ ಮೆಮೊರಿ ಕೇಳುತ್ತದೆ. ಮ್ಯಾಕ್‌ನ ಫೋಲ್ಡರೊಂದನ್ನು ಕಂಟೇನರಿಗೆ ಹಂಚಿಕೊಟ್ಟಾಗ ಒಂದೊಂದು ಕಡತದ ಓದೂ ಎರಡು ಆಪರೇಟಿಂಗ್ ಸಿಸ್ಟಂಗಳ ಗಡಿ ದಾಟಬೇಕು. ಸಾವಿರಾರು ಸಣ್ಣ ಕಡತಗಳಿರುವ ಜಾವಾಸ್ಕ್ರಿಪ್ಟ್ ಯೋಜನೆಗಳಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಮ್ಯಾಕ್‌ನ ಕಡತವ್ಯವಸ್ಥೆ ಸಾಮಾನ್ಯವಾಗಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರಗಳನ್ನು ಒಂದೇ ಎಂದು ಎಣಿಸುತ್ತದೆ, ಲಿನಕ್ಸ್ ಎಣಿಸುವುದಿಲ್ಲ. ಕಡತದ ಹೆಸರಿನಲ್ಲಿ ದೊಡ್ಡಕ್ಷರವಿದ್ದು ಕೋಡಿನಲ್ಲಿ ಸಣ್ಣಕ್ಷರ ಬರೆದಿದ್ದರೂ ಮ್ಯಾಕ್‌ನಲ್ಲಿ ಎಲ್ಲ ಸುಸೂತ್ರ. ಸರ್ವರಿಗೆ ಹೋದ ಮೇಲೆ ‘ಅಂಥ ಕಡತವೇ ಇಲ್ಲ’ ಎಂಬ ಉತ್ತರ.

ಎರಡನೇ ಷರತ್ತು: ಪ್ರೊಸೆಸರ್

ಕರ್ನಲ್ಲಿನ ಸಮಸ್ಯೆಯನ್ನು ವರ್ಚುವಲ್ ಮಷೀನ್ ಅಡಗಿಸಿತು. ಪ್ರೊಸೆಸರ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ, ಏಕೆಂದರೆ ವರ್ಚುವಲ್ ಮಷೀನ್ ಕೂಡ ಓಡುವುದು ಅದೇ ಪ್ರೊಸೆಸರಿನ ಮೇಲೆ.

‘ಈ ಕೆಲಸ ಮುಗಿಯಿತು, ಕರೆದವನ ಬಳಿಗೆ ಹಿಂತಿರುಗು’ ಎಂಬ ಒಂದು ಸರಳ ಸೂಚನೆಯನ್ನು ನೋಡೋಣ. ಇಂಟೆಲ್, ಎಎಂಡಿ ಪ್ರೊಸೆಸರುಗಳಿಗೆ ಇದನ್ನು 195 ಎಂಬ ಒಂದೇ ಬೈಟಿನಲ್ಲಿ ಹೇಳಬಹುದು. ಆಪಲ್‌ನ ಎಂ1 ಸೇರಿದ 64 ಬಿಟ್ಟಿನ ಆರ್ಮ್ ವಂಶದ ಪ್ರೊಸೆಸರಿಗೆ ಇದನ್ನೇ ಹೇಳಲು 192, 3, 95, 214 ಎಂಬ ನಾಲ್ಕು ಬೈಟ್ ಬೇಕು. ಆರ್ಮ್‌ನಲ್ಲಿ ಎಲ್ಲ ಸೂಚನೆಗಳೂ ಸರಿಯಾಗಿ ನಾಲ್ಕು ಬೈಟ್. ಇಂಟೆಲ್ ವಂಶದಲ್ಲಿ ಒಂದರಿಂದ ಹದಿನೈದರವರೆಗೆ ಎಷ್ಟಾದರೂ ಆಗಬಹುದು. ಲಿನಕ್ಸಿನ ಸಿಸ್ಟಂ ಕಾಲ್ ಸಂಖ್ಯೆಗಳು ಸಹ ಒಂದೇ ಅಲ್ಲ. ಕಡತಕ್ಕೆ ಬರೆಯುವ ‘ರೈಟ್’ ಇಂಟೆಲ್ ವಂಶದಲ್ಲಿ 1ನೇ ಸಂಖ್ಯೆ, ಆರ್ಮ್‌ನಲ್ಲಿ 64. ಆರ್ಮ್ ಕರ್ನಲ್ಲಿಗೆ ಹೋಗಿ 1 ಎಂದರೆ ಅದಕ್ಕೆ ಸಂಬಂಧವೇ ಇಲ್ಲದ ಮತ್ತೊಂದು ಕೆಲಸ. ಎತ್ತು ಏರಿಗೆ, ಕೋಣ ನೀರಿಗೆ.

ಅದೃಷ್ಟಕ್ಕೆ, ಈ ಅನಾಹುತಕ್ಕೆ ಕರ್ನಲ್ ಎಡೆಗೊಡುವುದಿಲ್ಲ. ಕಂಪೈಲ್ ಮಾಡಿದ ಲಿನಕ್ಸ್ ಪ್ರೋಗ್ರಾಂಗಳು ಸಾಮಾನ್ಯವಾಗಿ ‘ಎಲ್ಫ್’ ಎಂಬ ವಿನ್ಯಾಸದಲ್ಲಿರುತ್ತವೆ. ಆರಂಭದ ಕೆಲವು ಬೈಟ್‌ಗಳಲ್ಲೇ ‘ನಾನು ಯಾವ ಪ್ರೊಸೆಸರಿಗಾಗಿ ಹುಟ್ಟಿದವನು’ ಎಂಬ ಗುರುತಿರುತ್ತದೆ: 64 ಬಿಟ್ಟಿನ ಇಂಟೆಲ್-ಎಎಂಡಿಗೆ 62, ಆರ್ಮ್‌ಗೆ 183, ರಿಸ್ಕ್-ಫೈವ್‌ಗೆ 243. ತನ್ನ ಸಂಖ್ಯೆ ಅಲ್ಲದ್ದನ್ನು ಕಂಡ ಕೂಡಲೇ ಕರ್ನಲ್ ಕಡತವನ್ನು ಮುಟ್ಟದೆ ಮರಳಿಸುತ್ತದೆ. ‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಎಂದರೆ ಇಷ್ಟೇ. ಕಂಟೇನರ್ ಕೆಟ್ಟಿಲ್ಲ, ತಪ್ಪು ವಿಳಾಸಕ್ಕೆ ಬಂದಿದೆ.

ಇಮೇಜ್‌ಗಳ ಮೇಲೆ ಬರೆದಿರುವ ಪ್ರೊಸೆಸರ್ ಹೆಸರುಗಳೂ ಹೊಸಬರನ್ನು ಗಲಿಬಿಲಿಗೊಳಿಸುತ್ತವೆ. ಇಂಟೆಲ್ ಚಿಪ್ ಇರುವವರು ಸಹ ಇಳಿಸಿಕೊಳ್ಳಬೇಕಾದ್ದು ‘ಎಎಂಡಿ64’ ಎಂಬ ಇಮೇಜ್. ಇದಕ್ಕೊಂದು ಕತೆಯಿದೆ. 32 ಬಿಟ್ಟಿನಿಂದ 64ಕ್ಕೆ ಹೋಗುವಾಗ ಇಂಟೆಲ್ ಹಳೆಯದನ್ನು ಬಿಟ್ಟು ಇಟಾನಿಯಂ ಎಂಬ ಹೊಸ ಹಾದಿ ಹಿಡಿಯಿತು. ಎದುರಾಳಿ ಎಎಂಡಿ ಹಳೆಯ ಸೂಚನೆಗಳನ್ನೇ ಹಿಗ್ಗಿಸಿ 2003ರಲ್ಲಿ ಆಪ್ಟೆರಾನ್ ಚಿಪ್ ಹೊರತಂದಿತು. ಗೆದ್ದದ್ದು ಎಎಂಡಿ, ಇಂಟೆಲ್ ಅದನ್ನೇ ಅನುಸರಿಸಬೇಕಾಯಿತು. ಸೋತ ಗುರುತು ಇಂದಿಗೂ ಇಂಟೆಲ್ ಯಂತ್ರಗಳ ಇಮೇಜ್ ಹೆಸರಿನಲ್ಲಿ ಉಳಿದಿದೆ.

ಆರ್ಮ್ ಹುಟ್ಟಿದ್ದು ಇಂಗ್ಲೆಂಡಿನ ಕೇಂಬ್ರಿಜ್‌ನ ಏಕಾರ್ನ್ ಕಂಪ್ಯೂಟರ್ಸ್‌ನಲ್ಲಿ. ಸೋಫಿ ವಿಲ್ಸನ್ ಸೂಚನೆಗಳ ಪಟ್ಟಿ ರೂಪಿಸಿದರು, ಸ್ಟೀವ್ ಫರ್ಬರ್ ಚಿಪ್ಪಿನ ರಚನೆ ಮಾಡಿದರು. 1985ರ ಏಪ್ರಿಲ್ 26ರಂದು ಮೊದಲ ಚಿಪ್ ಕೈಗೆ ಬಂದಾಗ ಅದು ಎಷ್ಟು ಕರೆಂಟು ಹೀರುತ್ತದೆ ಎಂದು ಅಳೆಯಹೋದರೆ ಮೀಟರು ಸೊನ್ನೆ ತೋರಿಸಿತು. ಹುಡುಕಿದರೆ, ಬೋರ್ಡಿನಲ್ಲಿ ಚಿಪ್ಪಿಗೆ ವಿದ್ಯುತ್ ಸಂಪರ್ಕವೇ ಇರಲಿಲ್ಲ. ಅಕ್ಕಪಕ್ಕದ ತಂತಿಗಳಿಂದ ಸೋರಿಬಂದ ವಿದ್ಯುತ್ತಿನಲ್ಲೇ ಅದು ಕೆಲಸ ಮಾಡುತ್ತಿತ್ತು! ಚಿಪ್ಪನ್ನು ಅಗ್ಗದ ಪ್ಲಾಸ್ಟಿಕ್ ಕವಚದಲ್ಲಿ ಕೂರಿಸಬೇಕು, ಅದಕ್ಕಾಗಿ ಬಿಸಿ ಕಡಿಮೆಯಿರಬೇಕು ಎಂದಷ್ಟೇ ಅವರ ಲೆಕ್ಕ ಇದ್ದದ್ದು. ಆ ಮಿತವ್ಯಯವೇ ಮುಂದೆ ಮೊಬೈಲುಗಳ ಜಗತ್ತನ್ನು ಆರ್ಮ್ ಕೈಗೆ ಕೊಟ್ಟಿತು. ಬೆಂಗಳೂರಿಗೂ ಇದರ ಹಳೆಯ ನಂಟಿದೆ: ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರು ಸೇರಿ ಈ ಶತಮಾನದ ಆರಂಭದಲ್ಲಿ ರೂಪಿಸಿದ ಸಿಂಪ್ಯೂಟರ್ ಎಂಬ ಕೈಗಂಪ್ಯೂಟರ್ ಕೂಡ ಸ್ಟ್ರಾಂಗ್‌ಆರ್ಮ್ ಚಿಪ್ಪಿನ ಮೇಲೆ ಲಿನಕ್ಸ್ ಓಡಿಸುತ್ತಿತ್ತು.

ಸರ್ವರುಗಳ ಕೋಣೆಯಲ್ಲಿ ಮಾತ್ರ ಇಂಟೆಲ್ ವಂಶದ ದರ್ಬಾರು ಬಹುಕಾಲ ಅಲುಗಾಡಲಿಲ್ಲ. ಡಾಕರ್ ಬೆಳೆದದ್ದು ಈ ಏಕಚಕ್ರಾಧಿಪತ್ಯದ ಕಾಲದಲ್ಲಿ, ಆದ್ದರಿಂದಲೇ ‘ಎಲ್ಲೆಡೆ’ ಎಂಬ ಮಾತು ನಿಜವೆನಿಸಿತು. 2012ರ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಹವ್ಯಾಸಿಗಳ ಮೇಜಿಗೆ ಆರ್ಮ್ ತಂದಿತು. 2018ರ ಕೊನೆಗೆ ಅಮೆಜಾನ್ ತನ್ನ ಗ್ರಾವಿಟಾನ್ ಚಿಪ್ಪಿನ ಮೂಲಕ ಅದನ್ನು ಬಾಡಿಗೆ ಸರ್ವರಿಗೆ ತಂದಿತು. ಎರಡು ವರ್ಷ ಕಳೆದು ಆಪಲ್ ಅದನ್ನು ಪ್ರೋಗ್ರಾಮರುಗಳ ತೊಡೆಯ ಮೇಲಿಟ್ಟಿತು.

ದುಭಾಷಿಗಳು

ಬೇರೆ ಪ್ರೊಸೆಸರಿನ ಕಂಟೇನರನ್ನು ಓಡಿಸಲೇಬೇಕೆಂದರೆ ನಡುವೆ ದುಭಾಷಿ ಬೇಕು. ಇವರಲ್ಲಿ ಹಿರಿಯ ಕ್ಯೂಎಮು. ಫ್ರಾನ್ಸಿನ ಫ್ಯಾಬ್ರಿಸ್ ಬೆಲಾರ್ಡ್ 2003ರಲ್ಲಿ ಹೊರತಂದ ಇದು ಒಂದು ಪ್ರೊಸೆಸರಿನ ಸೂಚನೆಗಳನ್ನು ಸಣ್ಣ ಸಣ್ಣ ತುಂಡುಗಳಾಗಿ ಓದಿ, ಇನ್ನೊಂದರ ಸೂಚನೆಗಳಾಗಿ ಬರೆದು, ಓಡಿಸುತ್ತ ಹೋಗುತ್ತದೆ. ಇಡೀ ಕಂಪ್ಯೂಟರನ್ನೇ ಅನುಕರಿಸುವುದು ಒಂದು ಬಗೆ. ಕಂಟೇನರಿಗೆ ಬೇಕಾದ್ದು ಇನ್ನೊಂದು, ಹಗುರವಾದ ಬಗೆ: ಸೂಚನೆಗಳನ್ನಷ್ಟೇ ತರ್ಜುಮೆ ಮಾಡಿ, ಸಿಸ್ಟಂ ಕಾಲ್ ಬಂದಾಗ ಅದರ ಸಂಖ್ಯೆ ತಿದ್ದಿ ಇರುವ ಕರ್ನಲ್ಲಿಗೇ ಒಪ್ಪಿಸುವುದು.

ಆದರೆ ಕ್ಯೂಎಮುವನ್ನು ಕರೆಯುವವರು ಯಾರು? ಇಲ್ಲಿ ಲಿನಕ್ಸಿನ ಒಂದು ಹಳೆಯ ಮೂಲೆ ಉಪಯೋಗಕ್ಕೆ ಬಂತು. 1997ರ ಸುಮಾರಿಗೆ ಕರ್ನಲ್ ಸೇರಿದ ‘ಬಿನ್‌ಎಫ್‌ಎಂಟಿ ಮಿಸ್ಕ್’ ಎಂಬ ಸೌಲಭ್ಯದಲ್ಲಿ ‘ಇಂಥ ಬೈಟ್‌ಗಳಿಂದ ಆರಂಭವಾಗುವ ಕಡತ ಬಂದರೆ ಇಂಥ ಪ್ರೋಗ್ರಾಮಿಗೆ ಒಪ್ಪಿಸು’ ಎಂದು ನೋಂದಾಯಿಸಿಡಬಹುದು. ಜಾವಾ ಕಡತಗಳನ್ನು ನೇರವಾಗಿ ಓಡಿಸಲು ಬಳಸುತ್ತಿದ್ದ ಉಪಾಯ ಅದು. ಅದೇ ಪಟ್ಟಿಯಲ್ಲಿ ‘183ರ ಗುರುತಿನ ಎಲ್ಫ್ ಬಂದರೆ ಕ್ಯೂಎಮುಗೆ ಕೊಡು’ ಎಂದು ಬರೆದರೆ ಮುಗಿಯಿತು. ಇಂಟೆಲ್ ಯಂತ್ರ ಆರ್ಮ್ ಕಂಟೇನರನ್ನು ಓಡಿಸತೊಡಗುತ್ತದೆ, ಕಂಟೇನರಿಗೆ ಸುಳಿವೂ ಇರುವುದಿಲ್ಲ. ಒಂದೇ ಒಂದು ತೊಡಕಿತ್ತು: ಕಂಟೇನರಿನ ಒಳಜಗತ್ತಿನಲ್ಲಿ ಕ್ಯೂಎಮು ಕಡತವೇ ಇಲ್ಲವಲ್ಲ! 2016ರಲ್ಲಿ, ನೋಂದಾಯಿಸುವಾಗಲೇ ದುಭಾಷಿಯ ಕಡತವನ್ನು ತೆರೆದು ಹಿಡಿದುಕೊಂಡಿರು ಎಂದು ಕರ್ನಲ್ಲಿಗೆ ಹೇಳುವ ಸೌಕರ್ಯ ಬಂದಮೇಲೆ ಅದೂ ನೀಗಿತು.

ಕೂಲಿ ಮಾತ್ರ ದುಬಾರಿ. ಒಂದು ಚಿಕ್ಕ ಕಮಾಂಡ್ ಓಡಿಸುವಾಗ ವ್ಯತ್ಯಾಸ ಗೊತ್ತಾಗದು; ದೊಡ್ಡ ಯೋಜನೆಯೊಂದನ್ನು ಕ್ಯೂಎಮುವಿನೊಳಗೆ ಕಂಪೈಲ್ ಮಾಡಹೋದರೆ ನಿಮಿಷಗಳ ಕೆಲಸ ಗಂಟೆಗಳಿಗೆ ಎಳೆಯುತ್ತದೆ.

ಆಪಲ್‌ನ ದುಭಾಷಿ ರೊಸೆಟ್ಟಾ ಇದಕ್ಕಿಂತ ಚುರುಕು. ಮೊದಲು ಮ್ಯಾಕ್ ಪ್ರೋಗ್ರಾಂಗಳಿಗಷ್ಟೇ ಇದ್ದ ಇದನ್ನು 2022ರ ವೆಂಚುರಾ ಆವೃತ್ತಿಯಲ್ಲಿ ಲಿನಕ್ಸ್ ವರ್ಚುವಲ್ ಮಷೀನ್‌ಗಳಿಗೂ ತೆರೆದರು. ಅದರ ವೇಗದ ಗುಟ್ಟಿನಲ್ಲಿ ಒಂದು ಭಾಗ ಸಾಫ್ಟ್‌ವೇರಿನಲ್ಲಿಲ್ಲ, ಸಿಲಿಕಾನಿನಲ್ಲಿದೆ. ಈ ಸಂಗತಿ ನನಗೆ ಇಡೀ ವಿಷಯದಲ್ಲೇ ಅತ್ಯಂತ ಸ್ವಾರಸ್ಯದ್ದು. ಒಂದು ಪ್ರೋಗ್ರಾಮಿನ ಎರಡು ಎಳೆಗಳು ಬೇರೆ ಬೇರೆ ಕೋರ್‌ಗಳಲ್ಲಿ ಓಡುತ್ತಿವೆ ಎನ್ನೋಣ. ಮೊದಲನೆಯದು ಮೆಮೊರಿಯಲ್ಲಿ ಉತ್ತರ ಬರೆದು, ಆಮೇಲೆ ‘ಸಿದ್ಧ’ ಎಂಬ ಗುರುತು ಹಾಕುತ್ತದೆ. ಎರಡನೆಯದು ಗುರುತನ್ನು ಕಂಡು ಉತ್ತರವನ್ನು ಓದುತ್ತದೆ. ಇಂಟೆಲ್ ವಂಶದಲ್ಲಿ, ಬರೆದ ಕ್ರಮದಲ್ಲೇ ಬರಹಗಳು ಉಳಿದ ಕೋರ್‌ಗಳಿಗೆ ಕಾಣುತ್ತವೆ ಎಂಬ ಖಾತರಿಯಿದೆ. ಆರ್ಮ್ ಅಂಥ ಮಾತು ಕೊಟ್ಟಿಲ್ಲ. ಅಲ್ಲಿ ಗುರುತು ಮೊದಲು ಕಂಡು, ಉತ್ತರ ಆಮೇಲೆ ಕಾಣಬಹುದು. ಕ್ರಮ ಬೇಕಿದ್ದರೆ ಪ್ರೋಗ್ರಾಂ ಬಾಯಿಬಿಟ್ಟು ಕೇಳಬೇಕು. ಇಂಟೆಲ್‌ಗಾಗಿ ಬರೆದ ಪ್ರೋಗ್ರಾಂ ಕೇಳುವುದಿಲ್ಲ, ಅದಕ್ಕೆ ಕೇಳುವ ಅಗತ್ಯವೇ ಇರಲಿಲ್ಲ. ಆದ್ದರಿಂದ ತರ್ಜುಮೆ ಮಾಡುವವನು ಕ್ರಮ ಕಾಯುವ ಸೂಚನೆಗಳನ್ನು ಉದ್ದಕ್ಕೂ ತುರುಕುತ್ತ ಹೋಗಬೇಕು, ಒಂದೊಂದೂ ವೇಗವನ್ನು ತಿನ್ನುತ್ತದೆ. ಆಪಲ್ ಎಂಜಿನಿಯರುಗಳು ಇದನ್ನು ಮುಂಚೆಯೇ ಊಹಿಸಿ, ತಮ್ಮ ಆರ್ಮ್ ಚಿಪ್ಪಿನಲ್ಲೇ ಇಂಟೆಲ್‌ನ ಕ್ರಮ ಪಾಲಿಸುವ ಒಂದು ಸ್ವಿಚ್ ಇಟ್ಟರು. ರೊಸೆಟ್ಟಾ ಓಡುವಾಗ ಸ್ವಿಚ್ ಹಾಕಿಕೊಳ್ಳುತ್ತದೆ. ಹಳೆಯ ಸಾಫ್ಟ್‌ವೇರಿಗೆ ತೋರಿದ ಇಷ್ಟು ಮರ್ಯಾದೆಯನ್ನು ಚಿಪ್ ತಯಾರಕರಲ್ಲಿ ಕಾಣುವುದು ಅಪರೂಪ.

ಒಂದು ಹೆಸರಿನ ಹಿಂದೆ ಹಲವು ಪ್ರತಿ

ಇಷ್ಟಾಗಿಯೂ ದುಭಾಷಿಯ ದಾರಿ ತಾತ್ಕಾಲಿಕ. ಸರಿಯಾದ ದಾರಿ, ಒಂದೊಂದು ಪ್ರೊಸೆಸರಿಗೂ ಒಂದೊಂದು ಪ್ರತಿ ಕಟ್ಟುವುದು. 2017ರ ಹೊತ್ತಿಗೆ ಡಾಕರ್ ಹಬ್‌ನ ಅಧಿಕೃತ ಇಮೇಜ್‌ಗಳು ಹೀಗಾದವು. ಉದಾಹರಣೆಗೆ, ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರಿನ ಹೆಸರು ಈಗ ಒಂದು ಇಮೇಜ್ ಅಲ್ಲ, ಒಂದು ಸೂಚಿ. ‘ಲಿನಕ್ಸ್, ಎಎಂಡಿ64 ಆದರೆ ಇದು, ಲಿನಕ್ಸ್, ಆರ್ಮ್64 ಆದರೆ ಇದು, ಐಬಿಎಂ ಮೇನ್‌ಫ್ರೇಮ್ ಆದರೆ ಇದು’ ಎಂದು ಒಂದೊಂದಕ್ಕೂ ಬೇರೆ ಬೇರೆ ಗುರುತು ಬರೆದಿರುವ ಪಟ್ಟಿ. ನಿಮ್ಮ ಯಂತ್ರ ಪಟ್ಟಿಯನ್ನು ಇಳಿಸಿಕೊಂಡು, ತನಗೆ ಹೊಂದುವ ಪ್ರತಿಯನ್ನಷ್ಟೇ ತರಿಸಿಕೊಳ್ಳುತ್ತದೆ. ಆಪಲ್ ಚಿಪ್ಪಿನ ಮ್ಯಾಕ್‌ನಿಂದ ಕೇಳಿದರೂ ಬರುವುದು ‘ಲಿನಕ್ಸ್, ಆರ್ಮ್64’ ಪ್ರತಿ. ಒಳಗೆ ಅಡಗಿ ಕೂತ ಲಿನಕ್ಸ್ ಇಲ್ಲಿ ಸಿಕ್ಕಿಬೀಳುತ್ತದೆ.

ಹಲವು ಪ್ರತಿ ಕಟ್ಟಲು ಹಲವು ಯಂತ್ರಗಳು ಬೇಕೆಂದಿಲ್ಲ. ಗೋ ಭಾಷೆಯಲ್ಲಿ ಬರೆದಿದ್ದರೆ ಎರಡು ಪದ ಬದಲಿಸಿದರೆ ಇಂಟೆಲ್ ಯಂತ್ರವೇ ಆರ್ಮ್ ಕಡತ ತಯಾರಿಸಿ ಕೊಡುತ್ತದೆ, ತರ್ಜುಮೆಯ ಗೊಡವೆಯಿಲ್ಲ. ಸಿ, ಸಿ++ಗಳಲ್ಲಿ ಇದು ಸಾಧ್ಯವಾದರೂ ಲೈಬ್ರರಿಗಳ ಹೊಂದಾಣಿಕೆ ತಲೆ ತಿನ್ನುತ್ತದೆ.

ಕಂಪೈಲ್ ಆದರೆ ಗೆದ್ದಂತೆ ಎಂದು ತಿಳಿಯುವುದೂ ಅವಸರ. ಸಿ ಭಾಷೆಯಲ್ಲಿ ‘ಚಾರ್’ ಎಂಬ ಒಂದು ಬೈಟಿನ ಚಲಕ, ಇಂಟೆಲ್ ಲಿನಕ್ಸಿನಲ್ಲಿ ಋಣಸಂಖ್ಯೆಯನ್ನೂ ಹಿಡಿಯಬಲ್ಲದು. ಆರ್ಮ್ ಲಿನಕ್ಸಿನಲ್ಲಿ 0ಯಿಂದ 255ರವರೆಗೆ ಮಾತ್ರ. ಕಡತ ಮುಗಿದಾಗ ಓದುವ ಫಂಕ್ಷನ್ -1 ಎಂದು ಹೇಳುತ್ತದೆ. ಅದನ್ನು ಅಜಾಗರೂಕತೆಯಿಂದ ಚಾರ್‌ನಲ್ಲಿಟ್ಟರೆ ಆರ್ಮ್‌ನಲ್ಲಿ ಅದು 255 ಆಗುತ್ತದೆ, -1 ಎಂದಿಗೂ ಬರುವುದಿಲ್ಲ, ಪ್ರೋಗ್ರಾಂ ಮುಗಿಯುವುದೇ ಇಲ್ಲ. ಹತ್ತಾರು ವರ್ಷ ಇಂಟೆಲ್‌ನಲ್ಲಿ ನೆಟ್ಟಗೆ ನಡೆದ ಕೋಡ್ ಹೀಗೆ ಬಣ್ಣ ಬಯಲು ಮಾಡಿಕೊಳ್ಳುವುದುಂಟು. ಮೆಮೊರಿಯನ್ನು ಕರ್ನಲ್ ಹಂಚುವ ಪುಟದ ಅಳತೆಯೂ ಹಾಗೆಯೇ. ಇಂಟೆಲ್‌ನಲ್ಲಿ ಅದು 4 ಕೆಬಿ, ಎಲ್ಲೆಡೆಯೂ ಅಷ್ಟೇ ಎಂದು ಹಲವರು ನಂಬಿದ್ದರು. 2023ರಲ್ಲಿ ಬಂದ ರಾಸ್ಪ್‌ಬೆರಿ ಪೈ 5ರ ಕರ್ನಲ್ 16 ಕೆಬಿ ಪುಟ ಬಳಸತೊಡಗಿದಾಗ, 4 ಕೆಬಿಯ ಲೆಕ್ಕದಲ್ಲಿ ಕಟ್ಟಿದ ಜೆಮ್ಯಾಲಕ್ ಎಂಬ ಮೆಮೊರಿ ಲೈಬ್ರರಿಯಿದ್ದ ಪ್ರೋಗ್ರಾಂಗಳು ಏಳಲು ನಿರಾಕರಿಸಿದವು. ಆಪರೇಟಿಂಗ್ ಸಿಸ್ಟಂ ಸರಿ, ಪ್ರೊಸೆಸರ್ ಸರಿ, ಆದರೂ ಓಡಲಿಲ್ಲ. ಇಮೇಜಿನ ಮೇಲಿನ ಚೀಟಿಯಲ್ಲಿ ಪುಟದ ಅಳತೆ ಬರೆಯಲು ಜಾಗವೇ ಇಲ್ಲ.

ವೆಬ್‌ಅಸೆಂಬ್ಲಿ ಇದೆಲ್ಲವನ್ನೂ ಮುಗಿಸುತ್ತದೆ ಎನ್ನುವವರಿದ್ದಾರೆ. ವೆಬ್‌ಅಸೆಂಬ್ಲಿಯೂ ಅದರ ಜತೆಗಾರ ವಾಸಿಯೂ 2008ರಲ್ಲೇ ಇದ್ದಿದ್ದರೆ ಡಾಕರ್ ಕಟ್ಟುವ ಅಗತ್ಯವೇ ಬರುತ್ತಿರಲಿಲ್ಲ ಎಂದು 2019ರಲ್ಲಿ ಸ್ವತಃ ಹೈಕ್ಸ್ ಹೇಳಿದರು. ವೆಬ್‌ಅಸೆಂಬ್ಲಿ ಎಂದರೆ ಎಲ್ಲರೂ ಒಪ್ಪಿದ ಒಂದು ಕಾಲ್ಪನಿಕ ಪ್ರೊಸೆಸರ್; ವಾಸಿ ಎಂದರೆ ಎಲ್ಲರೂ ಒಪ್ಪಬೇಕಾದ ಸಿಸ್ಟಂ ಕಾಲ್‌ಗಳ ಪಟ್ಟಿ. ಅಂದರೆ ಷರತ್ತುಗಳು ಅಲ್ಲೂ ಎರಡೇ, ಅವೇ. ಪ್ರೊಸೆಸರಿನ ವಿಷಯದಲ್ಲಿ ಒಪ್ಪಂದ ಆಗಿದೆ, ಸಿಸ್ಟಂ ಕಾಲ್‌ಗಳ ಪಟ್ಟಿ ಇನ್ನೂ ಬೆಳೆಯುತ್ತಿದೆ. ಇರುವ ಸಾಫ್ಟ್‌ವೇರಿನ ಬೆಟ್ಟ ಅಷ್ಟು ಬೇಗ ಅತ್ತ ಸಾಗುತ್ತದೆ ಎಂದು ನನಗೆ ಅನ್ನಿಸುವುದಿಲ್ಲ.

ಕಂಟೇನರ್ ಬಳಸುವವರು ಮುಂದಿನ ಸಲ ಅದರ ಒಳಗೊಮ್ಮೆ, ಹೊರಗೊಮ್ಮೆ ‘ಯುನೇಮ್ -ಎ’ ಎಂದು ಟೈಪ್ ಮಾಡಿ ನೋಡಲಿ. ಕರ್ನಲ್ ಬೇರೆ ಬಂದರೆ ನಡುವೆ ವರ್ಚುವಲ್ ಮಷೀನ್ ಇದೆ, ಪ್ರೊಸೆಸರ್ ಬೇರೆ ಬಂದರೆ ದುಭಾಷಿ ಇದ್ದಾನೆ. ಇಮೇಜ್ ಕಟ್ಟಿ ಹಂಚುವವರಲ್ಲಿ ಇನ್ನೊಂದು ಕೋರಿಕೆ: ಎಎಂಡಿ64ರ ಜತೆಗೆ ಆರ್ಮ್64 ಪ್ರತಿಯನ್ನೂ ಹಾಕಿ. 2025ರಿಂದ ಗಿಟ್‌ಹಬ್ ಸಾರ್ವಜನಿಕ ಯೋಜನೆಗಳಿಗೆ ನಿಜವಾದ ಆರ್ಮ್ ಯಂತ್ರಗಳನ್ನು ಉಚಿತವಾಗಿಯೇ ಕೊಡುತ್ತಿದೆ. ಕ್ಯೂಎಮುವಿನೊಳಗೆ ಕಂಪೈಲ್ ಮಾಡುತ್ತ ಗಂಟೆಗಟ್ಟಲೆ ಕಾಯುವ ಕಾರಣ ಈಗ ಉಳಿದಿಲ್ಲ.